ನಾಯಿಗೂ ಒಂದು ತಿಂಡಿ ಡಬ್ಬ

ಹೋದ ಬೇಸಿಗೆಯಲ್ಲಿ ನಮ್ಮ ಯಜಮಾನರ ಸೋದರಮಾವ ಅರಕಲಗೂಡಿನಿಂದ ಬಂದಿದ್ದರು. ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಕಾಫಿಯ ಜೊತೆ ಬಾಯಿಗೆ ಏನಾದರೂ ಬೇಕೇ ಬೇಕೆನ್ನುವ ಜೀವ ಅವರದು. ನನ್ನನ್ನು ಕೂಗುವುದು ಯಾಕೆಂದು ತಾವೇ ಅಡುಗೆಮನೆಗೆ ಹೋಗಿ, ಶೆಲ್ಫಿನ ಮೇಲಿದ್ದ ನೀಲಿ ಮುಚ್ಚಳದ ಡಬ್ಬ ತೆಗೆದು, ಅದರಲ್ಲಿದ್ದ ಉಂಡೆಗಳಲ್ಲಿ ಮೂರನ್ನು ತಟ್ಟೆಗೆ ಹಾಕಿಕೊಂಡು ಜಗುಲಿಯಲ್ಲಿ ಕೂತರು. ನಾನು ಒಳಗೆ ಬರುವಷ್ಟರಲ್ಲಿ ಎರಡು ಮುಗಿದಿದ್ದವು.

"ಏನಮ್ಮ, ಸಕ್ಕರೆ ಕಾಯಿಲೆಯವರಿಗೆ ಅಂತ ಮಾಡಿದ್ದೀಯಾ? ಸಪ್ಪಗಿದೆ. ಆದ್ರೂ ಘಮ ಚೆನ್ನಾಗಿದೆ" ಎಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ನನ್ನ ಮಗಳು ಮಾತ್ರ ಕಿಸಕ್ಕನೆ ನಕ್ಕು, "ತಾತಾ, ಅದು ರಾಜನ ತಿಂಡಿ!" ಎಂದುಬಿಟ್ಟಳು. ರಾಜ ಎಂದರೆ ನಮ್ಮ ನಾಯಿ. ಅವನು ಆಗಲೇ ಬಾಗಿಲ ಹತ್ತಿರ ಕೂತು, ತನ್ನ ಪಾಲಿನ ಉಂಡೆಗಳು ಹೋಗುವುದನ್ನು ಬಹಳ ದುಃಖದಿಂದ ನೋಡುತ್ತಿದ್ದ. ಮಾವ ಒಂದು ಕ್ಷಣ ತಟ್ಟೆ ನೋಡಿದರು, ನಾಯಿಯನ್ನು ನೋಡಿದರು. ಉಳಿದ ಒಂದನ್ನು ಅವನ ಮುಂದೆ ಇಟ್ಟು, "ತಗೋಪ್ಪಾ, ತಪ್ಪಾಯ್ತು" ಎಂದರು. ದೊಡ್ಡ ಮನುಷ್ಯರು.

ಈ ಕಥೆ ಹಳೇಕೋಟೆಯ ನಮ್ಮ ಬೀದಿಯಲ್ಲಿ ಒಂದು ವಾರ ಓಡಾಡಿತು. "ನಾಯಿಗೂ ತಿಂಡಿ ಮಾಡ್ತಾಳಂತೆ, ಮಾಡಕ್ಕೆ ಬೇರೆ ಕೆಲಸ ಇಲ್ವಾ" ಎಂದವರೂ ಇದ್ದಾರೆ. ಸಂಜೆ ಹೊತ್ತು ಮೆಲ್ಲಗೆ ಬಂದು, "ಅದೇನೋ ಮಾಡ್ತೀರಂತಲ್ಲಾ, ಹೆಂಗೆ ಮಾಡೋದು ಹೇಳಿ" ಎಂದು ಕೇಳಿದವರೂ ಇದ್ದಾರೆ. ಹಾಗೆ ಕೇಳಿದವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆದರೆ ಉಂಡೆಗೆ ಮೊದಲು ಇನ್ನೊಂದು ಮಾತು ಹೇಳಬೇಕು. ಅದನ್ನು ಬೀದಿಯಲ್ಲಿ ಎಲ್ಲರಿಗೂ ಹೇಳಿಲ್ಲ.

ರಾಜನಿಗೆ ಮುಂಚೆ ನಮ್ಮ ಮನೆಯಲ್ಲಿ ಕರಿಯ ಇದ್ದ. ನಾಟಿ ನಾಯಿ. ಹೊಲದ ಬದುವಿನಲ್ಲಿ ಮಗನಿಗೆ ಸಿಕ್ಕಿದ ಮರಿ. ಆರು ವರ್ಷ ನಮ್ಮ ಜೊತೆ ಬಾಳಿದ. ಮಗ ಸ್ಕೂಲಿನಿಂದ ಬರುವ ಹೊತ್ತಿಗೆ ಬಸ್ಸು ನಿಲ್ಲುವ ಕಡೆ ಹೋಗಿ ಕಾಯುತ್ತಿದ್ದ. ಭಾನುವಾರ ಮಾತ್ರ ಹೋಗುತ್ತಿರಲಿಲ್ಲ, ಅದು ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ. 2019ರ ಗೌರಿ ಹಬ್ಬಕ್ಕೆ ನೆಂಟರು ಬರುತ್ತಾರೆಂದು ದೊಡ್ಡ ಪಾತ್ರೆಯಲ್ಲಿ ಶಾವಿಗೆ ಪಾಯಸ ಮಾಡಿದ್ದೆ. ದ್ರಾಕ್ಷಿ ಗೋಡಂಬಿ ಧಾರಾಳವಾಗಿ ಹಾಕಿದ್ದೆ. ನೆಂಟರು ಅರ್ಧ ಜನವೂ ಬರಲಿಲ್ಲ. ಮಾರನೇ ದಿನ ಪಾಯಸ ಗಟ್ಟಿಯಾಗಿ ತಳದಲ್ಲಿ ದ್ರಾಕ್ಷಿಯೇ ತುಂಬಿಕೊಂಡಿತ್ತು. ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ. ಹಬ್ಬ ಅವನಿಗೂ ಹಬ್ಬವೇ ಅಲ್ಲವೇ ಎಂದು ಇಡೀ ಬೋಗುಣಿ ಕರಿಯನ ಮುಂದೆ ಇಟ್ಟೆ. ತಳ ಹೊಳೆಯುವ ಹಾಗೆ ನೆಕ್ಕಿದ.

ಅವತ್ತು ರಾತ್ರಿಯೇ ವಾಂತಿ ಶುರುವಾಯಿತು. ಬೀದಿಯಲ್ಲಿ ಏನೋ ತಿಂದಿರಬೇಕು, ಹುಲ್ಲು ತಿಂದು ಸರಿಮಾಡಿಕೊಳ್ಳುತ್ತಾನೆ ಅಂದುಕೊಂಡೆವು. ಎರಡನೇ ದಿನ ಮಂಕಾಗಿ ಮಲಗಿದ. ಮೂರನೇ ದಿನ ನೀರು ಕುಡಿದದ್ದೂ ನಿಲ್ಲಲಿಲ್ಲ, ಮೂತ್ರವೂ ಹೋಗಲಿಲ್ಲ. ಆಟೋದಲ್ಲಿ ಹಾಕಿಕೊಂಡು ಹಾಸನಕ್ಕೆ ಹೋದೆವು. ಡಾಕ್ಟರು ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ಮೂತ್ರಪಿಂಡ ಕೆಲಸ ನಿಲ್ಲಿಸಿದೆಯಮ್ಮ. ಏನು ತಿಂದಿತ್ತು?" ಎಂದರು. ನಾನು ಅನ್ನ, ಸಾರು, ಮುದ್ದೆ ಎಂದೆ. "ಹಬ್ಬ ಇತ್ತಲ್ಲಾ, ಸಿಹಿ ಏನಾದ್ರೂ?" ಪಾಯಸ ಎಂದೆ. "ದ್ರಾಕ್ಷಿ ಹಾಕಿದ್ರಾ?" ಎಂದು ಕೇಳಿದಾಗ, ಯಾಕೆ ಕೇಳುತ್ತಾರೆಂದು ಗೊತ್ತಿಲ್ಲದೆ, "ಹೂಂ, ಬೇಕಾದಷ್ಟು ಹಾಕಿದ್ದೆ" ಎಂದು ಹೆಮ್ಮೆಯಿಂದಲೇ ಹೇಳಿದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ನಾಲ್ಕನೇ ದಿನ ಬೆಳಗಿನ ಜಾವ ಕರಿಯ ಹೋದ.

ದ್ರಾಕ್ಷಿ, ಅದು ಹಸಿಯೋ ಒಣದ್ರಾಕ್ಷಿಯೋ, ನಾಯಿಗೆ ವಿಷ. ಒಂದು ನಾಯಿ ಹಿಡಿ ತುಂಬ ತಿಂದರೂ ಏನೂ ಆಗದೆ ಇರಬಹುದು. ಇನ್ನೊಂದಕ್ಕೆ ಸ್ವಲ್ಪವೇ ಸಾಕು, ಮೂತ್ರಪಿಂಡ ಹೋಗುತ್ತದೆ. ಯಾವುದಕ್ಕೆ ಏನಾಗುತ್ತದೆಂದು ಮುಂಚೆ ಹೇಳುವ ಹಾಗಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಬರೆದರು. ಈ ಆಮ್ಲ ಇನ್ನೆಲ್ಲಿದೆ ಗೊತ್ತೇ? ನಾವು ದಿನಾ ಕಿವುಚುವ ಹುಣಸೇಹಣ್ಣಿನಲ್ಲಿ! ಆದ್ದರಿಂದ ಗಟ್ಟಿ ಹುಳಿ, ಗೊಜ್ಜು, ಪುಳಿಯೋಗರೆ ಕೂಡ ನಾಯಿಯ ತಟ್ಟೆಗೆ ಬೇಡ. ತಿಂದದ್ದು ಗೊತ್ತಾದ ಕೂಡಲೇ, ವಾಂತಿ ಆಗುವವರೆಗೆ ಕಾಯದೆ, ಡಾಕ್ಟರ ಹತ್ತಿರ ಓಡಬೇಕು. ಮೊದಲ ಒಂದೆರಡು ಗಂಟೆಯಲ್ಲಿ ಹೋದರೆ ಅವರೇ ವಾಂತಿ ಮಾಡಿಸಿ ಉಳಿಸಬಹುದು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪು ಹೆಚ್ಚಾಗಿ ಅದೇ ಒಂದು ವಿಷವಾಗುತ್ತದೆ.

ಇದೆಲ್ಲ ನನಗೆ ತಿಳಿದದ್ದು ಕರಿಯ ಹೋದ ಮೇಲೆ.

ನಮ್ಮ ಕಡೆ ನಾಯಿ ಸಾಕುವುದೆಂದರೆ ಏನು? ರಾತ್ರಿ ಎಲ್ಲರ ಊಟವಾದ ಮೇಲೆ ಉಳಿದ ಮುದ್ದೆ, ತಳ ಹಿಡಿದ ಅನ್ನ, ಅದರ ಮೇಲೆ ಸಾರು. ನಮ್ಮ ಅತ್ತೆಯವರ ಕಾಲದಿಂದ ಹೀಗೇ. "ನಾಯಿ ತಿಂದು ಜೀರ್ಣ ಮಾಡಿಕೊಳ್ಳದೇ ಇರೋದು ಏನಿದೆ" ಎನ್ನುತ್ತಾರೆ ಅವರು. ಇದರಲ್ಲಿ ಅರ್ಧ ನಿಜವಿದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ತೋಳ ಮತ್ತು ನಾಯಿಗಳ ಜೀನುಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ್ದನ್ನು ಓದಿದೆ: ಮನುಷ್ಯನ ಜೊತೆ ಬಾಳಿ ಬಾಳಿ, ಪಿಷ್ಟವನ್ನು ಅರಗಿಸುವ ಶಕ್ತಿ ನಾಯಿಗೆ ತೋಳಕ್ಕಿಂತ ಎಷ್ಟೋ ಹೆಚ್ಚಾಗಿದೆಯಂತೆ. ಅಂದರೆ ಬೆಂದ ಮುದ್ದೆ, ಬೆಂದ ಅನ್ನ ನಮ್ಮ ನಾಯಿಗಳಿಗೆ ಒಗ್ಗಿದ ಆಹಾರವೇ. ತೊಂದರೆ ಇರುವುದು ಮುದ್ದೆಯಲ್ಲಲ್ಲ, ಅದರ ಮೇಲೆ ಸುರಿಯುವ ಸಾರಿನಲ್ಲಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಹಸಿಯಾದರೂ ಅಷ್ಟೆ, ಬೇಯಿಸಿದರೂ ಅಷ್ಟೆ, ಪುಡಿಯಾದರೂ ಅಷ್ಟೆ. ಒಂದು ದಿನಕ್ಕೆ ಏನೂ ಕಾಣದಿದ್ದರೂ ದಿನಾ ಬಸ್ಸಾರು ಸುರಿದರೆ ನಾಯಿ ಸೊರಗುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ನಾವು "ವಯಸ್ಸಾಯ್ತು" ಅಂದುಕೊಳ್ಳುತ್ತೇವೆ. ಉಪ್ಪು, ಖಾರ, ಎಣ್ಣೆಯ ಒಗ್ಗರಣೆ ಬೇರೆ. ನಾನು ಈಗ ಸಾರಿಗೆ ಬೇಳೆ ಬೆಂದ ಕೂಡಲೇ, ಉಪ್ಪು ಖಾರ ಬೀಳುವ ಮುಂಚೆ, ಒಂದು ಸೌಟು ಕಟ್ಟನ್ನು ರಾಜನಿಗೆಂದು ತೆಗೆದಿಡುತ್ತೇನೆ. ಹೆಚ್ಚಿನ ಕೆಲಸವೇನೂ ಇಲ್ಲ, ಒಂದು ಬಟ್ಟಲು ಹೆಚ್ಚು ತೊಳೆಯಬೇಕು ಅಷ್ಟೆ.

ಇನ್ನು ತಿಂಡಿಯ ವಿಷಯ. ಹೊಳೆನರಸೀಪುರದ ಅಂಗಡಿಗಳಲ್ಲೂ ನಾಯಿ ಬಿಸ್ಕತ್ತಿನ ಪೊಟ್ಟಣ ತೂಗುಹಾಕಿರುತ್ತಾರೆ. ಮಗಳು ಹಟ ಮಾಡಿ ಒಂದು ತರಿಸಿದಳು. ಬೆಲೆ ನೋಡಿ ನಮ್ಮ ಯಜಮಾನರು, "ಇದರಲ್ಲಿ ಮನೆಗೆ ಎರಡು ದಿನದ ಹಾಲು ಬರ್ತಿತ್ತು" ಎಂದರು. ಈ ಬಿಸ್ಕತ್ತಿನ ಹುಟ್ಟೇ ಒಂದು ತಮಾಷೆ. ಸುಮಾರು 1860ರಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಇಂಗ್ಲೆಂಡಿಗೆ ಹೋಗಿದ್ದಾಗ, ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ಬಂದರಿನ ನಾಯಿಗಳು ಕಿತ್ತಾಡಿ ತಿನ್ನುವುದನ್ನು ಕಂಡನಂತೆ. ಅದನ್ನೇ ವ್ಯಾಪಾರ ಮಾಡಿದ. ಅಂದರೆ ಅದೂ ಮೊದಲಿಗೆ ಮನುಷ್ಯರು ತಿಂದು ಉಳಿದದ್ದೇ! ನಮ್ಮ ಮುದ್ದೆಗೂ ಅದಕ್ಕೂ ಏನು ದೊಡ್ಡ ವ್ಯತ್ಯಾಸ?

ಮೊಬೈಲಿನಲ್ಲಿ ನೋಡಿದರೆ ನಾಯಿ ತಿಂಡಿಗೆಲ್ಲ ಓವನ್ ಬೇಕು. ನಮ್ಮಂಥವರ ಮನೆಯಲ್ಲಿ ಗ್ಯಾಸಿನ ಒಲೆ ಒಂದು, ಹಿತ್ತಿಲಲ್ಲಿ ಸೌದೆ ಒಲೆ ಒಂದು. ಆದರೆ ಸೋದರಿಯರೇ, ಓವನ್ ಮಾಡುವ ಕೆಲಸವನ್ನು ಮಾಡುವ ಮೂರು ಸಾಧನ ನಮ್ಮಲ್ಲಿ ಆಗಲೇ ಇವೆ: ಹುರಿಯುವ ಬಾಣಲೆ, ಇಡ್ಲಿ ಪಾತ್ರೆ, ಮತ್ತು ಬಿಸಿಲು.

ಮೊದಲು ಬಾಣಲೆ. ಮಾವ ತಿಂದದ್ದು ಹುರಿಹಿಟ್ಟಿನ ಉಂಡೆ. ಹುರಿಹಿಟ್ಟು ನಮ್ಮ ಹಾಸನ ಸೀಮೆಯ ಮನೆಗಳಿಗೆ ಹೊಸದೇನಲ್ಲ. ರಾಗಿಯನ್ನು ತೊಳೆದು, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ರಾತ್ರಿ ಕಟ್ಟಿಟ್ಟು, ಬೆಳಿಗ್ಗೆ ನೆರಳಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಹಿಡಿ ಹಿಡಿಯಾಗಿ ಹಾಕಿ ಅರಳು ಹುರಿಯುವುದು. ಆಮೇಲೆ ಮಿಷನ್ನಿಗೆ ಕೊಟ್ಟು ಬೀಸಿಸುವುದು. ಅರಳಿದ ರಾಗಿ ಆಗಲೇ ಬೆಂದ ಹಾಗೆ. ಅದಕ್ಕೇ ಇದನ್ನು ಮತ್ತೆ ಒಲೆಯ ಮೇಲಿಡಬೇಕಾಗಿಲ್ಲ. ಹಸಿ ರಾಗಿಹಿಟ್ಟಿನಲ್ಲಿ ಉಂಡೆ ಕಟ್ಟಿದರೆ ಮಾತ್ರ ನಾಯಿಗೆ ಹೊಟ್ಟೆ ಉಬ್ಬರ. ಎದುರು ಮನೆಯವರು ಹಾಗೆ ಮಾಡಿ, ಎರಡು ದಿನ ಅಂಗಳ ತೊಳೆದರು. ಮನೆಯ ಹುರಿಹಿಟ್ಟಿಗೆ ಏಲಕ್ಕಿ, ಬೆಲ್ಲ ಸೇರಿಸುವ ಮುಂಚೆಯೇ ನಾಯಿಯ ಪಾಲನ್ನು ಬೇರೆ ಡಬ್ಬಕ್ಕೆ ತೆಗೆದಿಡಿ.

ಒಂದು ದೊಡ್ಡ ಲೋಟ, ಅಂದರೆ ನೂರು ಗ್ರಾಂನಷ್ಟು ಹುರಿಹಿಟ್ಟಿಗೆ ಅರ್ಧ ಲೋಟ ಸಿಹಿಗುಂಬಳ ಬೇಕು. ಕುಂಬಳವನ್ನು ಸಿಪ್ಪೆ ತೆಗೆದು, ಉಪ್ಪು ಹಾಕದೆ ಬೇಯಿಸಿ, ನೀರು ಪೂರಾ ಬಸಿದು, ಕೈಯಲ್ಲಿ ಕಿವುಚಿ. ಒಂದು ಚಮಚ ಹುರಿದ ಕಡಲೆಕಾಯಿಯ ತರಿ ಹಾಕಿ. ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಕಲಸಿ. ಕುಂಬಳದ ನೀರಿನಲ್ಲೇ ಕಲಸಿಕೊಳ್ಳುತ್ತದೆ. ಗಟ್ಟಿ ಎನಿಸಿದರೆ ಒಂದು ಚಮಚ ಮೊಸರು. ಕೈಗೆ ಅಂಟಬಾರದು, ಒಡೆಯಲೂಬಾರದು. ಸಣ್ಣ ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿದರೆ ಇಪ್ಪತ್ತು ಇಪ್ಪತ್ತೈದು ಉಂಡೆ ಆಗುತ್ತವೆ. ಹೊರಗಿಟ್ಟರೆ ಅವತ್ತೇ ಮುಗಿಸಬೇಕು. ಫ್ರಿಜ್ಜಿನಲ್ಲಿ ನಾಲ್ಕು ದಿನ. ಅದಕ್ಕೇ ಒಂದೇ ಸಲ ಬುಟ್ಟಿ ತುಂಬ ಕಟ್ಟಬೇಡಿ. ಹಿಟ್ಟು ಡಬ್ಬದಲ್ಲಿ ಇರುತ್ತದೆ, ಕುಂಬಳ ಹಿತ್ತಿಲಲ್ಲಿ ಇರುತ್ತದೆ, ಬೇಕೆಂದಾಗ ಹತ್ತು ನಿಮಿಷದ ಕೆಲಸ.

ಕಡಲೆಕಾಯಿಯ ಬಗ್ಗೆ ಒಂದು ಮಾತು. ನಾಯಿಗೆ ತಾನೇ ಎಂದು ಮುಗ್ಗಲು ಹಿಡಿದ, ಬೂಷ್ಟು ಬಂದ ಬೀಜ ಹಾಕುವವರಿದ್ದಾರೆ. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಯಕೃತ್ತನ್ನು ಹಾಳುಮಾಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಮುಗ್ಗಿದ ಮೆಕ್ಕೆಜೋಳದ ಹಿಟ್ಟಿಗೂ ಇದೇ ಮಾತು. ನಾವು ತಿನ್ನದ್ದನ್ನು ಅದಕ್ಕೂ ಕೊಡಬಾರದು. ಅಂಗಡಿಯ ಉಪ್ಪುಗಡಲೆಕಾಯಿಯೂ ಬೇಡ. ಸಕ್ಕರೆ ಇಲ್ಲದ್ದೆಂದು ಮಾರುವ ಚೂಯಿಂಗ್ ಗಮ್ಮು, ಸಿಹಿ ಪದಾರ್ಥಗಳಲ್ಲಿ ಕ್ಸೈಲಿಟಾಲ್ ಎಂಬುದನ್ನು ಹಾಕಿರುತ್ತಾರೆ. ಅದು ಮನುಷ್ಯರಿಗೆ ಏನೂ ಮಾಡದು, ನಾಯಿಗೆ ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಇಳಿಸಿ ಕೆಡವುತ್ತದೆ. ಮಕ್ಕಳ ಬ್ಯಾಗಿನ ಮೇಲೆ ಕಣ್ಣಿರಲಿ.

ಇಡ್ಲಿ ಪಾತ್ರೆಯ ತಿಂಡಿ ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಮಾಡುವಾಗ ಇದರ ಹದ ಕೆಡಿಸುವುದಕ್ಕೇ ಆಗುವುದಿಲ್ಲ. ಒಂದು ಲೋಟ ರಾಗಿಹಿಟ್ಟು, ಒಂದು ಮೊಟ್ಟೆ, ಅರ್ಧ ಲೋಟ ತುರಿದ ಕ್ಯಾರೆಟ್ಟು, ಇಡ್ಲಿ ಹಿಟ್ಟಿನ ಹದಕ್ಕೆ ನೀರು. ಉಪ್ಪಿಲ್ಲ, ಸೋಡವಿಲ್ಲ, ಹುದುಗು ಬರಿಸುವುದೂ ಇಲ್ಲ. ಹುದುಗಿದ ಹಸಿ ಹಿಟ್ಟು ನಾಯಿಯ ಹೊಟ್ಟೆಯಲ್ಲಿ ಇನ್ನೂ ಉಬ್ಬುತ್ತದೆ. ತಟ್ಟೆಗೆ ಎಣ್ಣೆ ಕೈ ಸವರಿ, ಹುಯ್ದು, ಹದಿನೈದು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಕಡ್ಡಿ ಚುಚ್ಚಿದರೆ ಅಂಟಬಾರದು. ಪೂರ್ತಿ ಆರಿದ ಮೇಲೆ ಒಂದೊಂದನ್ನೂ ಎಂಟು ತುಂಡು ಮಾಡಿ. ಮೊಟ್ಟೆ ತಾರದ ಮನೆಯಾದರೆ ಬೆಂದ ಹೆಸರುಬೇಳೆ ಎರಡು ಚಮಚ, ಮೊಸರು ಎರಡು ಚಮಚ ಹಾಕಿ. ಅಷ್ಟು ಗಟ್ಟಿಯಾಗಿ ಬರುವುದಿಲ್ಲ, ಆದರೆ ನಾಯಿಗೆ ಆಕಾರದ ಚಿಂತೆ ಇಲ್ಲ. ಬೆಳಗಿನ ಇಡ್ಲಿ ಇಳಿಸಿದ ಮೇಲೆ ಅದೇ ಕುದಿಯುವ ನೀರಿಗೆ ಒಂದು ತಟ್ಟೆ ಇದನ್ನೂ ಇಟ್ಟರೆ ಗ್ಯಾಸೂ ಉಳಿತಾಯ. ಅತ್ತೆಯವರಿಗೆ ಮಾತ್ರ ಆ ತಟ್ಟೆ ಬೇರೆಯೇ ಇರಬೇಕು. ಇರಲಿ, ಹಳೇ ತಟ್ಟೆಯೊಂದನ್ನು ಅವನ ಹೆಸರಿಗೆ ಬರೆದುಕೊಟ್ಟಿದ್ದೇನೆ.

ಬಿಸಿಲಿನ ತಿಂಡಿಗೆ ಗೆಣಸು. ಸಂಡಿಗೆ ಹಾಕುವ ಕಾಲದಲ್ಲೇ ಇದನ್ನೂ ಮಾಡಿಕೊಳ್ಳಿ. ಸಿಹಿಗೆಣಸಿನ ಸಿಪ್ಪೆ ಹೆರೆದು, ಇಡಿಯಾಗಿಯೇ ಹಬೆಯಲ್ಲಿ ಅರೆಬೇಯಿಸಿ, ಆರಿದ ಮೇಲೆ ಉದ್ದುದ್ದವಾಗಿ ಕಾಲಂಗುಲ ದಪ್ಪಕ್ಕೆ ಕೊಯ್ದು, ಮೊರದ ಮೇಲೆ ಬಿಳಿ ಬಟ್ಟೆ ಹಾಸಿ ಹರವಿ. ಮೇಲೊಂದು ತೆಳು ಬಟ್ಟೆ ಹೊದಿಸಿ, ನೊಣ ಕೂರದ ಹಾಗೆ. ಸಂಜೆ ಮಂಜಿಗೆ ಮುಂಚೆ ಒಳಗೆ ತನ್ನಿ. ಕಡುಬಿಸಿಲಿನಲ್ಲಿ ಮೂರು ದಿನಕ್ಕೆ, ಬಗ್ಗಿಸಿದರೆ ಬಗ್ಗಬೇಕು, ಮುರಿಯಬಾರದು, ಚಪ್ಪಲಿಯ ಚರ್ಮದ ಹಾಗೆ ಆಗಬೇಕು. ಒಣ ಬಾಟಲಿಯಲ್ಲಿ ಎರಡು ಮೂರು ವಾರ ಇರುತ್ತದೆ. ಒಂದು ತುಂಡಿನ ಮೇಲೆ ಬಿಳಿ ಚುಕ್ಕೆ ಕಂಡರೂ ಇಡೀ ಬಾಟಲಿಯನ್ನೇ ಚೆಲ್ಲಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ನಾನು ಒಂದು ಆಷಾಢದಲ್ಲಿ ಹಾಕಿ, ಎರಡು ಕಿಲೋ ಗೆಣಸನ್ನು ತಿಪ್ಪೆಗೆ ಹೊತ್ತಿದ್ದೇನೆ. ಹಲ್ಲು ಬರುವ ಮರಿಗೆ ಇದು ವರದಾನ. ರಾಜ ಮರಿಯಾಗಿದ್ದಾಗ ಮನೆಯ ಮೂರು ಚಪ್ಪಲಿಗಳಿಗೆ ಗತಿ ಕಾಣಿಸಿದ್ದವನು, ಈ ಗೆಣಸು ಸಿಕ್ಕಿದ ಮೇಲೆ ನಾಲ್ಕನೆಯದನ್ನು ಮುಟ್ಟಲಿಲ್ಲ. ಅಗಿಯುವಾಗ ಹತ್ತಿರ ಇರಿ. ಕೆಲವು ನಾಯಿಗಳಿಗೆ ಆತುರ, ಗುಳುಂ ಎನಿಸಿಬಿಡುತ್ತವೆ.

ಹಾಸನ ಎಂದರೆ ಆಲೂಗೆಡ್ಡೆ, ಅದನ್ನು ಬಿಡುವುದು ಹೇಗೆ ಎನ್ನುವಿರಿ. ಬೇಯಿಸಿದ ಆಲೂಗೆಡ್ಡೆ ಒಂದೆರಡು ತುಂಡು ಕೊಡಬಹುದು. ಹಸಿಯದು ಬೇಡ, ಹಸಿರು ತಿರುಗಿದ್ದು, ಮೊಳಕೆ ಬಂದದ್ದು ಬೇಯಿಸಿದರೂ ಬೇಡ. ಮಾಂಸ ತಿನ್ನುವ ಮನೆಯವರು ಕೋಳಿಯ ಈಲಿಯನ್ನು ಬರೀ ನೀರಿನಲ್ಲಿ ಬೇಯಿಸಿ ಬಟಾಣಿ ಕಾಳಿನಷ್ಟು ತುಂಡು ಮಾಡಿ ವಾರಕ್ಕೊಮ್ಮೆ ಕೊಡಬಹುದು. ಅದಕ್ಕಿಂತ ಹೆಚ್ಚು ಬೇಡ, ಎ ಜೀವಸತ್ವ ವಿಪರೀತವಾಗುತ್ತದೆ. ಬೇಯಿಸಿದ ಕೋಳಿಯ ಮೂಳೆ ಮಾತ್ರ ಎಂದೆಂದಿಗೂ ಬೇಡ, ಸೀಳಿ ಸೂಜಿಯಾಗುತ್ತದೆ. ಮೆಕ್ಕೆಜೋಳದ ದಿಂಡು, ಮಾವಿನ ವಾಟೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ನಿಗೆ ಬರುತ್ತವೆ. ಚಾಕೊಲೇಟು, ಕಾಫಿ, ಟೀ ಯಾವುದೂ ಕೂಡದು. ಹಾಲು ಮರಿ ಬೆಳೆದ ಮೇಲೆ ಎಷ್ಟೋ ನಾಯಿಗಳಿಗೆ ಒಗ್ಗದು, ಭೇದಿಯಾಗುತ್ತದೆ, ಮೊಸರು ಪರವಾಗಿಲ್ಲ. ಹಾಗೆಯೇ ಮೈ ಬಿಸಿಯಾಗಿದೆಯೆಂದು ನಮ್ಮ ಜ್ವರದ ಮಾತ್ರೆ ನುಂಗಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ಸಿಹಿಯಿಲ್ಲದೆ ತಿಂಡಿ ಏನು ತಿಂಡಿ ಎಂದು ನಮ್ಮ ಅತ್ತೆಯವರು ಮೊದಮೊದಲು ಉಂಡೆಗೆ ಬೆಲ್ಲ ಹಾಕಲು ಬರುತ್ತಿದ್ದರು. ನಾಯಿಗೆ ಬೆಲ್ಲದಿಂದ ಹಲ್ಲು ಹಾಳು, ಮೈ ಬೊಜ್ಜು. ವಾಸನೆಯೇ ಅದಕ್ಕೆ ರುಚಿ. ಹುರಿದ ರಾಗಿಯ ಘಮ ಇದ್ದರೆ ಸಾಕು.

ಎಷ್ಟು ಕೊಡಬೇಕು? ಇಡೀ ದಿನದ ಆಹಾರದಲ್ಲಿ ತಿಂಡಿಯ ಪಾಲು ಹತ್ತರಲ್ಲಿ ಒಂದು ಭಾಗ ಮೀರಬಾರದೆಂದು ಪಶುವೈದ್ಯರು ಹೇಳುತ್ತಾರೆ. ನಮ್ಮ ರಾಜನ ತೂಕ ಹನ್ನೆರಡು ಕಿಲೋ. ಅವನಿಗೆ ದಿನಕ್ಕೆ ಮೂರು ಉಂಡೆ ಸಾಕು. ಪುಟ್ಟ ನಾಯಿಗೆ ಒಂದು. ನಾಯಿ ಎಷ್ಟು ಕೇಳುತ್ತದೆ ಎನ್ನುವುದು ಲೆಕ್ಕವಲ್ಲ, ಅದು ಯಾವಾಗಲೂ ಕೇಳುತ್ತದೆ. ತಿಂಡಿ ಊಟವೂ ಅಲ್ಲ. ಹೊಸದನ್ನು ಮೊದಲ ದಿನ ಅರ್ಧ ಉಂಡೆ ಕೊಟ್ಟು, ಮಾರನೇ ದಿನ ಮಲ ನೋಡಿ ಮುಂದುವರಿಸಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವ ನಾಯಿಗೆ ಡಾಕ್ಟರನ್ನು ಕೇಳದೆ ಏನನ್ನೂ ಕೊಡಬೇಡಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಹೋಬಳಿಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹಸು ಎಮ್ಮೆಗೆ ಮಾತ್ರವಲ್ಲ, ನಾಯಿಗೂ ಅಲ್ಲಿ ನೋಡುತ್ತಾರೆ. ಕೇಳಲು ಸಂಕೋಚ ಬೇಡ.

ಮಕ್ಕಳು ತಿಂಡಿಯನ್ನು ಬೆರಳ ತುದಿಯಲ್ಲಿ ಹಿಡಿದು ಮೇಲೆತ್ತಿ ಆಟವಾಡಿಸುತ್ತವೆ. ನಾಯಿ ನೆಗೆದು ಹಲ್ಲು ತಾಗುವುದು ಹೀಗೇ. ಅಂಗೈ ಚಪ್ಪಟೆಯಾಗಿ ಚಾಚಿ, ಅದರ ಮೇಲಿಟ್ಟು ಕೊಡುವುದನ್ನು ಕಲಿಸಿ. ಹಲ್ಲು ತಾಗಿ ಗೀರಿದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ಮನೆಯ ನಾಯಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ಪ್ರತಿವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಈ ಲಸಿಕೆ ಕಂಡುಹಿಡಿದ ಲೂಯಿ ಪಾಸ್ಚರ್ 1895ರಲ್ಲಿ ತೀರಿಕೊಂಡ ದಿನ ಅದು. ನೆನಪಿಟ್ಟುಕೊಳ್ಳಲು ಸುಲಭವೆಂದು ನಾನು ರಾಜನಿಗೆ ಪ್ರತಿವರ್ಷ ಆ ವಾರದಲ್ಲೇ ಹಾಕಿಸುತ್ತೇನೆ.

"ನಾಯಿಗೆ ಇಷ್ಟೆಲ್ಲಾ ಯಾಕೆ" ಎಂದು ಒಂದು ದಿನ ಎದುರು ಮನೆ ಅಕ್ಕ ಕೇಳಿದಾಗ ನಮ್ಮ ಯಜಮಾನರು ಆತಕೂರಿನ ಕಲ್ಲಿನ ಕಥೆ ಹೇಳಿದರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು. ಸಾವಿರ ವರ್ಷಕ್ಕೂ ಹಿಂದೆ, ಸುಮಾರು 949–950ರಲ್ಲಿ, ಗಂಗರ ದೊರೆ ಬೂತುಗನ ಕಡೆಯ ಮಣಲೇರ ಎಂಬ ವೀರ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಏನು ಬೇಕೆಂದು ಕೇಳಿದ್ದಕ್ಕೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವ ಪೂಜಾರಿಗೆ ಪಾಪ ತಟ್ಟುತ್ತದೆಂದೂ ಬರೆಸಿದರು. ನಾಯಿ ಮತ್ತು ಹಂದಿ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಎದುರು ಮನೆ ಅಕ್ಕ ಎಲ್ಲ ಕೇಳಿ, "ಅದು ಬೇಟೆನಾಯಿ ಬುಡಿ, ಕೆಲಸ ಮಾಡ್ತಿತ್ತು. ನಿಮ್ದು ಏನ್ ಮಾಡ್ತದೆ?" ಎಂದರು. ಉತ್ತರ ನಮ್ಮಲ್ಲಿರಲಿಲ್ಲ.

ನಿಜ ಹೇಳಬೇಕೆಂದರೆ ರಾಜ ಮಾಡುವ ಕೆಲಸ ಒಂದೇ: ರಸ್ತೆಯಲ್ಲಿ ಹೋಗುವ ಬೈಕುಗಳ ಹಿಂದೆ ಓಡುವುದು. ಕರಿಯನನ್ನು ಪಾಯಸದಿಂದ ಕಳೆದುಕೊಂಡೆ, ಇವನನ್ನು ರಸ್ತೆಯಲ್ಲಿ ಕಳೆದುಕೊಳ್ಳುತ್ತೇನೆ ಎಂದು ನನಗೆ ಹೆದರಿಕೆ. ಉಂಡೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಒಂದು ಉಂಡೆಯನ್ನು ಕಡಲೆಕಾಳಿನಷ್ಟು ಹತ್ತು ಚೂರು ಮಾಡಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡೆ. ಮೊದಲು ಮನೆಯೊಳಗೆ, "ರಾಜಾ, ಬಾ" ಎನ್ನುವುದು, ಬಂದ ಕೂಡಲೇ ಒಂದು ಚೂರು. ಆಮೇಲೆ ಅಂಗಳದಲ್ಲಿ. ಆಮೇಲೆ ಹಗ್ಗ ಕಟ್ಟಿ ರಸ್ತೆ ಅಂಚಿನಲ್ಲಿ. ಬರದಿದ್ದರೆ ಬೈಯುವುದಿಲ್ಲ, ಹೊಡೆಯುವುದಿಲ್ಲ. ಚೂರು ಇಲ್ಲ, ಅಷ್ಟೆ. ಕರೆದು ಕರೆದು ಕೊನೆಗೆ ಸ್ನಾನ ಮಾಡಿಸಲು ಹಿಡಿದುಕೊಳ್ಳುವ ತಪ್ಪನ್ನು ಮಾಡಬಾರದು, ನಂಬಿಕೆ ಹೋಗುತ್ತದೆ. ಒಂದು ತಿಂಗಳು ಹಿಡಿಯಿತು. ಹೋದ ಕಾರ್ತಿಕದಲ್ಲಿ ಒಂದು ಸಂಜೆ ಗೇಟು ತೆರೆದದ್ದೇ ತಡ, ಬೈಕಿನ ಹಿಂದೆ ಬಿದ್ದ. ಎದುರಿನಿಂದ ತೆಂಗಿನಕಾಯಿ ತುಂಬಿದ ಟ್ರಾಕ್ಟರು ಬರುತ್ತಿತ್ತು. ನಾನು ಕೂಗಿದೆ, ಏನೆಂದು ಕೂಗಿದೆನೋ ನನಗೇ ಗೊತ್ತಿಲ್ಲ. ರಾಜ ನಿಂತ, ತಿರುಗಿದ, ಓಡಿಬಂದು ನನ್ನ ಸೆರಗು ಮೂಸಿದ. ಅವತ್ತು ಗಂಟಿನಲ್ಲಿ ಏನೂ ಇರಲಿಲ್ಲ. ಎದುರು ಮನೆ ಅಕ್ಕ ಬಾಗಿಲಲ್ಲೇ ನಿಂತು ನೋಡುತ್ತಿದ್ದವರು ತಮ್ಮ ಮನೆಯೊಳಗೆ ಹೋಗಿ ಅರ್ಧ ಇಡ್ಲಿ ತಂದು, "ಕೊಡಿ ಅವನಿಗೆ, ಸಪ್ಪೇದೇ" ಎಂದರು.

ಮಗ ಈಗ ಹಾಸನದಲ್ಲಿ ಓದುತ್ತಿದ್ದಾನೆ. ಕರಿಯನ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅವನೂ ನನ್ನನ್ನು ಒಂದು ಮಾತು ಅಂದವನಲ್ಲ. ಹಬ್ಬಕ್ಕೆ ಬಂದಾಗ ನಾನು ಪಾಯಸಕ್ಕೆ ದ್ರಾಕ್ಷಿ ಹಾಕುವುದಿಲ್ಲ, ಗೋಡಂಬಿಯೊಂದೇ. ಹೋದ ಗೌರಿ ಹಬ್ಬಕ್ಕೆ ಮಾತ್ರ ನೆಂಟರ ಮನೆಯಿಂದ ಒಂದು ಡಬ್ಬ ಪಾಯಸ ಬಂತು. ಮಗ ಅದನ್ನು ತಟ್ಟೆಗೆ ಹುಯ್ದುಕೊಂಡು, ಚಮಚದಲ್ಲಿ ಒಂದೊಂದೇ ದ್ರಾಕ್ಷಿಯನ್ನು ಆರಿಸಿ ಕಾಗದದ ಮೇಲಿಟ್ಟ. ಹದಿನಾಲ್ಕು ಇದ್ದವು. ಕಾಗದವನ್ನು ಮಡಿಸಿ, ಹಿತ್ತಿಲಿಗೆ ಹೋಗಿ, ಉರಿಯುವ ಒಲೆಗೆ ಹಾಕಿ ಬಂದು, ಆಮೇಲೆ ಪಾಯಸ ತಿಂದ. ಅತ್ತೆಯವರು ಏನೂ ಮಾತಾಡದೆ ನೀಲಿ ಮುಚ್ಚಳದ ಡಬ್ಬ ತೆಗೆದು, "ರಾಜಂಗೆ ಎರಡೇ ಉಳಿದವೆ ಕಣಮ್ಮ, ನಾಳೆಗೆ ಕುಂಬಳಕಾಯಿ ಕೊಯ್ಯಬೇಕು" ಎಂದರು.